ಹೆಗಲಿನ ಕ್ಯಾಂಟೀನು, ಪಂಕ್ತಿಯ ಕ್ಯಾಂಟೀನು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಂಜೆ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೂಲಿಯ ಬಗ್ಗೆಯೂ ಬೋನಸ್ಸಿನ ಬಗ್ಗೆಯೂ ಮಾತನಾಡಬಲ್ಲ ಹಿರಿಯರು ಈ ವೇದಿಕೆಯ ಮೇಲೆ ಇದ್ದಾರೆ. ನನ್ನ ಪಾಲಿಗೆ ಬಂದಿರುವುದು ಕ್ಯಾಂಟೀನು ಎಂಬ ಸಣ್ಣ ವಿಷಯ. "ಅದರಲ್ಲಿ ಹೇಳುವುದಕ್ಕೆ ಏನಿದೆ ಸ್ವಾಮಿ, ಸಾರು ನೀರಾಗಿದೆ, ಚಹಾ ತಣ್ಣಗಿದೆ, ಅಷ್ಟೇ ತಾನೆ?" ಎಂದು ಒಳಗೆ ಬರುವಾಗ ಒಬ್ಬ ಗೆಳೆಯರು ಕೇಳಿದರು. ಅಷ್ಟೇ ಅಲ್ಲ. ದುಡಿಯುವವನು ಹೊಟ್ಟೆಗೆ ಏನು ತಿನ್ನುತ್ತಾನೆ, ಎಲ್ಲಿ ಕೂತು ತಿನ್ನುತ್ತಾನೆ, ಯಾರ ಪಕ್ಕದಲ್ಲಿ ಕೂರುತ್ತಾನೆ, ಅವನು ಕುಡಿಯುವ ನೀರನ್ನು ಯಾರು ತಂದಿಡಬೇಕು, ಈ ನಾಲ್ಕು ಪ್ರಶ್ನೆಗಳಲ್ಲಿ ಅವನ ಬದುಕಿನ ಬಹುಭಾಗ ಅಡಗಿದೆ. ಆದುದರಿಂದ ಸ್ವಲ್ಪ ಹೊತ್ತು ನನ್ನ ಮಾತಿಗೆ ಕಿವಿಗೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಆ ಮಾತಿನ ಹುಟ್ಟನ್ನೇ ನೋಡೋಣ. ಇಟಲಿಯ ಭಾಷೆಯಲ್ಲಿ ಕಾಂತೀನಾ ಎಂದರೆ ನೆಲಮಾಳಿಗೆ, ಮದ್ಯದ ಪೀಪಾಯಿ ಇಡುವ ಕೋಣೆ. ಅದು ಫ್ರೆಂಚರ ಬಾಯಿಗೆ ಹೋಯಿತು, ಅಲ್ಲಿಂದ ಇಂಗ್ಲಿಷಿಗೆ ಬಂದಿತು. ದಂಡಿನ ಪಾಳೆಯದಲ್ಲಿ ಸಿಪಾಯಿಗಳಿಗೆ ತಿಂಡಿ, ಪಾನೀಯ ಮಾರುವ ಅಂಗಡಿಗೆ ಕ್ಯಾಂಟೀನು ಎಂಬ ಹೆಸರು ಬಿತ್ತು. ಅದೇ ಸಿಪಾಯಿ ದಂಡಯಾತ್ರೆಗೆ ಹೊರಟಾಗ ಹೆಗಲಿಗೆ ತೂಗುಹಾಕಿಕೊಳ್ಳುವ ನೀರಿನ ಪಾತ್ರೆಗೂ ಅದೇ ಹೆಸರು ಬಿತ್ತು. ಕನ್ನಡಕ್ಕೆ ಬರುವಾಗ ಮೊದಲನೆಯ ಅರ್ಥ ಮಾತ್ರ ಬಂದಿತು. ನೀರಿನ ಪಾತ್ರೆಯನ್ನು ನಾವು ಬಾಟಲಿ ಎಂದೇ ಕರೆದೆವು. ಸೈನ್ಯದಿಂದ ನಿವೃತ್ತರಾಗಿ ಬಂದ ನಮ್ಮ ಅಣ್ಣಂದಿರ ಬಾಯಲ್ಲಿ ಕ್ಯಾಂಟೀನು ಎಂದರೆ ಇನ್ನೊಂದೇ ವಸ್ತು. ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ನೀವು ಆಗಲೇ ನಗುತ್ತಿದ್ದೀರಿ!

ಹೆಸರು ಹೊರಗಿನದಾದರೂ ವಸ್ತು ನಮಗೆ ಹೊಸದಲ್ಲ. ನಮ್ಮ ಹಿರಿಯರು ಹೊಲಕ್ಕೆ ಹೋಗುವಾಗ ಒಣಗಿದ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದರು. ಅದು ಹೆಗಲಿನ ಕ್ಯಾಂಟೀನು. ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಮರದ ನೆರಳಲ್ಲಿ ಅರವಟ್ಟಿಗೆ ಇಟ್ಟು ಮಡಕೆಯಲ್ಲಿ ನೀರು, ಮಜ್ಜಿಗೆ ಕೊಡುತ್ತಿದ್ದರು. ಅದು ಊರಿನ ಕ್ಯಾಂಟೀನು. ಒಂದು, ನನ್ನ ಬಾಯಾರಿಕೆಗೆ ನಾನೇ ದಿಕ್ಕು ಎನ್ನುತ್ತದೆ. ಇನ್ನೊಂದು, ನಿನ್ನ ಬಾಯಾರಿಕೆಗೆ ನಾವೆಲ್ಲ ಹೊಣೆ ಎನ್ನುತ್ತದೆ. ನನ್ನ ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆ.

ಸಿಪಾಯಿ ಹೆಗಲಿಗೆ ನೀರು ಕಟ್ಟಿಕೊಳ್ಳುವುದೇಕೆ? ಮುಂದಿನ ನೆಲ ವೈರಿಯದು. ಅಲ್ಲಿ ನೀರು ಸಿಕ್ಕೀತೋ ಇಲ್ಲವೋ, ಸಿಕ್ಕರೂ ನಂಬಿ ಕುಡಿಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ ಗಿರಣಿ ವೈರಿಯ ನೆಲವೆ? ದಿನಕ್ಕೆ ಎಂಟು ಗಂಟೆ ನಾವು ಬೆವರು ಸುರಿಸುವ ಜಾಗಕ್ಕೆ ನಾವೂ ಸಿಪಾಯಿಯ ಹಾಗೆ ನೀರು ಹೊತ್ತುಕೊಂಡು ಹೋಗಬೇಕಾಗಿ ಬಂದಿದ್ದರೆ, ಅದರ ಅರ್ಥವೇನು? ಕೊಡಬೇಕಾದವರು ಕೊಡುತ್ತಿಲ್ಲ, ಕೇಳಬೇಕಾದವರು ಕೇಳುತ್ತಿಲ್ಲ ಎಂದೇ ಅರ್ಥ.

ನಾನು ನೋಡಿದ್ದನ್ನು ಹೇಳುತ್ತೇನೆ. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಒಂದು ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ತುಂಬಿದ ಕಂಡಿಕೆ ತೆಗೆದು ಖಾಲಿ ಕಂಡಿಕೆ ಹಾಕುವ ಕೆಲಸ. ನೂಲು ಹರಿಯಬಾರದೆಂದು ಆ ಖಾತೆಯಲ್ಲಿ ಗಾಳಿಯನ್ನು ಸದಾ ತೇವವಾಗಿ ಇಟ್ಟಿರುತ್ತಾರೆ. ಹೊರಗೆ ಬಿಸಿಲು, ಒಳಗೆ ಬಿಸಿ ಆವಿ, ಮೂಗಿನ ತುಂಬ ಹತ್ತಿಯ ದೂಳು. ನೀರಿನ ತೊಟ್ಟಿ ಇತ್ತು, ಇಲ್ಲವೆಂದಲ್ಲ. ಅದು ಇದ್ದದ್ದು ಪಾಯಖಾನೆಯ ಗೋಡೆಗೆ ಆತುಕೊಂಡು. ಸರಪಳಿಗೆ ಕಟ್ಟಿದ ಒಂದು ಅಲ್ಯೂಮಿನಿಯಂ ಲೋಟ. ಆ ನೀರನ್ನು ಕುಡಿಯಲಾರದೆ ನಾವೆಲ್ಲ ಮನೆಯಿಂದ ಬಾಟಲಿ ತರುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಾಟಲಿಯ ನೀರು ಕಾದು ಕಷಾಯದಂತಾಗುತ್ತಿತ್ತು, ಎರಡು ಗಂಟೆಗೆ ಮುಗಿದೇ ಹೋಗುತ್ತಿತ್ತು. ನನ್ನ ಪಕ್ಕದ ಯಂತ್ರದ ಅಣ್ಣ ಒಂದು ದಿನ ಕಣ್ಣು ಕತ್ತಲೆ ಬಂದು ಬಿದ್ದ. ಜಾಬರ್ ಬಂದು ಮುಖಕ್ಕೆ ನೀರು ಚಿಮುಕಿಸಿ, "ಮನೆಯಿಂದ ದೊಡ್ಡ ಬಾಟಲಿ ತರುವುದಕ್ಕೇನು ಧಾಡಿ?" ಎಂದು ಬೈದ. ನಾವೂ ತಲೆಯಾಡಿಸಿದೆವು. ಮಾರನೆಯ ದಿನ ಎಲ್ಲರೂ ದೊಡ್ಡ ಬಾಟಲಿ ತಂದೆವು! ತಪ್ಪು ತೊಟ್ಟಿಯದು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಯಾಕೆ ನಾಚಿಕೆ ಎನ್ನುತ್ತೀರಾ? ಆಗಲೂ ಕಾನೂನು ನಮ್ಮ ಕಡೆಗೇ ಇತ್ತು. 1948ರ ಕಾರ್ಖಾನೆಗಳ ಕಾಯ್ದೆಯ 18ನೆಯ ಕಲಮು ಸ್ಪಷ್ಟವಾಗಿ ಹೇಳಿತ್ತು: ಕುಡಿಯುವ ನೀರು ಅನುಕೂಲವಾದ ಜಾಗದಲ್ಲಿರಬೇಕು, ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ 'ಕುಡಿಯುವ ನೀರು' ಎಂದು ಬರೆದಿರಬೇಕು, ಕೈಕಾಲು ತೊಳೆಯುವ ಜಾಗ, ಪಾಯಖಾನೆ, ತೆರೆದ ಚರಂಡಿಗಳಿಂದ ಇಪ್ಪತ್ತು ಅಡಿಯಾದರೂ ದೂರವಿರಬೇಕು. ಮುಂದೆ ಅದನ್ನೇ ಆರು ಮೀಟರು ಎಂದು ತಿದ್ದಿದರು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ನೀರನ್ನು ತಂಪು ಮಾಡಿಯೇ ಕೊಡಬೇಕೆಂದೂ ಅದರಲ್ಲಿತ್ತು. ಇಷ್ಟು ಬರೆದಿದ್ದರೂ ನಾವು ಓದಿರಲಿಲ್ಲ. ಓದಿದವರು ನಮಗೆ ಹೇಳಲಿಲ್ಲ. ಹೀಗಾಗಿ ಕಾನೂನು ಪುಸ್ತಕದಲ್ಲಿ ಉಳಿಯಿತು, ಬಾಟಲಿ ನಮ್ಮ ಹೆಗಲಲ್ಲಿ ಉಳಿಯಿತು.

ಊಟದ ಕ್ಯಾಂಟೀನು ಕಾನೂನಿಗೆ ಬಂದ ಕಥೆಯೂ ಕೇಳತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಹಗಲಿರುಳು ಮದ್ದುಗುಂಡು ತಯಾರಿಸುತ್ತಿದ್ದವು. ಹಸಿದ ಕೈ ಸರಿಯಾದ ಗುಂಡು ಮಾಡಲಾರದು ಎಂಬ ಸತ್ಯ ಆಗ ಸರ್ಕಾರಕ್ಕೆ ಮನವರಿಕೆಯಾಯಿತು. ಕಾರ್ಮಿಕ ಸಂಘದಿಂದಲೇ ಮೇಲೆ ಬಂದ ಅರ್ನೆಸ್ಟ್ ಬೆವಿನ್ ಅಲ್ಲಿ ಕಾರ್ಮಿಕ ಮಂತ್ರಿಯಾಗಿದ್ದರು. 1940ರಲ್ಲಿ ಅಲ್ಲಿ ಒಂದು ಆಜ್ಞೆ ಹೊರಟಿತು: 250ಕ್ಕಿಂತ ಹೆಚ್ಚು ಜನರಿರುವ ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕ್ಯಾಂಟೀನು ತೆರೆಯುವಂತೆ ಕಟ್ಟುಮಾಡಬಹುದು. ನಮ್ಮ 1948ರ ಕಾಯ್ದೆಯ 46ನೆಯ ಕಲಮಿನಲ್ಲಿಯೂ ಅದೇ 250ರ ಗೆರೆ ಕಾಣಿಸಿಕೊಂಡಿತು. 150ಕ್ಕಿಂತ ಹೆಚ್ಚು ಜನರಿದ್ದರೆ ಕುಡಿಯುವ ನೀರಿನ ಏರ್ಪಾಡಿರುವ ಊಟದ ಕೋಣೆ ಇರಬೇಕೆಂದು 47ನೆಯ ಕಲಮು ಹೇಳಿತು. ಕ್ಯಾಂಟೀನಿನ ಆಡಳಿತ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿರಬೇಕೆಂಬ ಮಾತೂ ಬಂತು. ಯಾವ ಯಾವ ಖರ್ಚನ್ನು ಊಟದ ದರಕ್ಕೆ ಸೇರಿಸದೆ ಮಾಲೀಕನೇ ಹೊರಬೇಕೆಂದು ನಿಯಮ ಮಾಡುವ ಅಧಿಕಾರ 1976ರ ತಿದ್ದುಪಡಿಯಿಂದ ಬಂತು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಕ್ಯಾಂಟೀನು ಯಾರ ದಯೆಯಿಂದಲೂ ಬಂದದ್ದಲ್ಲ. ಹೊಟ್ಟೆ ತುಂಬಿದ ಕೆಲಸಗಾರನಿಂದ ಗಿರಣಿಗೂ ಲಾಭವಿದೆ. ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಯಾವ ಮಾಲೀಕನೂ ದಾನವೆಂದು ಲೆಕ್ಕದಲ್ಲಿ ಬರೆಯುವುದಿಲ್ಲ. ಹಾಗಿರುವಾಗ ಯಂತ್ರ ನಡೆಸುವವನಿಗೆ ನೀರು ಕೊಡುವುದು ಮಾತ್ರ ದಾನ ಹೇಗಾದೀತು?

ಈಗ ಕಾಲ ಬದಲಾಗಿದೆ. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದು, 1948ರ ಕಾಯ್ದೆಯ ಜಾಗದಲ್ಲಿ ಕೂತಿವೆ. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಎರಡನ್ನೂ ನ್ಯಾಯವಾಗಿ ಹೇಳಬೇಕು. ಕ್ಯಾಂಟೀನಿನ ಗೆರೆ 250ರಿಂದ 100ಕ್ಕೆ ಇಳಿದಿದೆ, ಮತ್ತು ಆ ನೂರರಲ್ಲಿ ಗುತ್ತಿಗೆ ಕೆಲಸಗಾರರನ್ನೂ ಎಣಿಸಬೇಕು. ಇದು ನಮ್ಮ ಕೈಗೆ ಬಂದ ಒಂದು ಹಿಡಿ. ಆದರೆ ಕಾರ್ಖಾನೆ ಎಂದು ಯಾವುದನ್ನು ಕರೆಯಬೇಕು ಎಂಬ ಗೆರೆಯನ್ನು ಮೇಲಕ್ಕೆ ಎತ್ತಿದ್ದಾರೆ. ಮೊದಲು ವಿದ್ಯುತ್ ಬಳಸುವಲ್ಲಿ 10 ಜನ, ಬಳಸದಲ್ಲಿ 20 ಜನ ಸಾಕಾಗಿತ್ತು. ಈಗ 20 ಮತ್ತು 40. ವಿದ್ಯುತ್ ಬಳಸುವ, ಹದಿನೈದು ಜನರಿರುವ ಅಕ್ಕಿ ಗಿರಣಿಯ ಕೆಲಸಗಾರ ಕಾರ್ಖಾನೆ ಎಂಬ ಲೆಕ್ಕದಿಂದಲೇ ಹೊರಗೆ ಬಿದ್ದ. 

ಇನ್ನು ಅಕ್ಕತಂಗಿಯರ ಮಾತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುವ ಅನೇಕ ಹೆಣ್ಣುಮಕ್ಕಳು ಬಾಟಲಿಯಲ್ಲಿ ನೀರಿದ್ದರೂ ಕುಡಿಯುವುದಿಲ್ಲ. ಕುಡಿದರೆ ಪಾಯಖಾನೆಗೆ ಹೋಗಬೇಕು. ಹೋದರೆ ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕ ತಪ್ಪುತ್ತದೆ, ಮೇಲ್ವಿಚಾರಕನ ಬೈಗುಳ ಕೇಳಬೇಕಾಗುತ್ತದೆ. ಸೆಕೆಯಲ್ಲಿ ಮೈಮುರಿದು ದುಡಿಯುವ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ಅದನ್ನು ತುಂಬಿಕೊಳ್ಳದಿದ್ದರೆ ತಲೆನೋವು, ಉರಿಮೂತ್ರ, ಮೂತ್ರಪಿಂಡದ ಕಾಯಿಲೆ. ಬರಿಯ ತೊಟ್ಟಿ ಇಟ್ಟರೆ ಸಾಲದು, ನೀರು ಕುಡಿಯುವ ಬಿಡುವೂ ಬೇಕು, ಕುಡಿದ ಮೇಲೆ ಹೋಗುವ ಬಿಡುವೂ ಬೇಕು. ಗಂಡಸರು ಸಂಘದ ಸಭೆಯಲ್ಲಿ ಈ ಮಾತು ಎತ್ತಲು ಸಂಕೋಚಪಡುತ್ತಾರೆ. ಸಂಕೋಚದ ಮಾತಲ್ಲ ಇದು, ಜೀವದ ಮಾತು.

ಮೂರನೆಯ ಪ್ರಶ್ನೆ, ಯಾರ ಪಕ್ಕದಲ್ಲಿ ಕೂರುವುದು? ನಮ್ಮ ದೇಶದಲ್ಲಿ ನೀರಿಗೂ ಜಾತಿ ಇತ್ತು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆ ಕೊಡುತ್ತಿದ್ದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಒಂದು ಬೊಗಸೆ ನೀರು ಕುಡಿದದ್ದಕ್ಕೆ ಆ ಊರಿನ ಸವರ್ಣೀಯರು ಜನರನ್ನು ಹೊಡೆದರು, ಆಮೇಲೆ ಕೆರೆಯನ್ನು 'ಶುದ್ಧಿ' ಮಾಡಿದರು. ಅದಕ್ಕೂ ಮೊದಲು, 1917ರಲ್ಲಿ, ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಎಂಬ ತರುಣ ಮೇಲುಕೀಳೆನ್ನದೆ ಒಂದೇ ಪಂಕ್ತಿಯಲ್ಲಿ ಊಟ ಮಾಡಿಸಿ ತನ್ನವರಿಂದಲೇ ಬಹಿಷ್ಕಾರಕ್ಕೆ ಗುರಿಯಾದ. ನಾನು ಮೊದಲು ಹೊಗಳಿದ ಅರವಟ್ಟಿಗೆಯಲ್ಲಿಯೂ ಎಲ್ಲರ ಕೈಗೂ ಚೊಂಬು ಸಿಗುತ್ತಿರಲಿಲ್ಲ. ಕೆಲವರು ಬೊಗಸೆಯೊಡ್ಡಿ ನಿಲ್ಲಬೇಕಾಗಿತ್ತು, ಮೇಲಿನಿಂದ ಸುರಿಯುತ್ತಿದ್ದರು. ಇದನ್ನು ಮರೆಮಾಚಬಾರದು.

ಗಿರಣಿಯ ಕ್ಯಾಂಟೀನಿನ ದೊಡ್ಡಸ್ತಿಕೆ ಇರುವುದು ಇಲ್ಲೇ. ಬೆಂಚು ಒಂದೇ, ಹಂಡೆ ಒಂದೇ, ಬಡಿಸುವ ಸೌಟು ಒಂದೇ. ನಮ್ಮ ಗಿರಣಿಯಲ್ಲಿ ಕೊನೆಗೆ ಊಟದ ಕೋಣೆ ಆದಾಗ ಮೊದಲ ವಾರ ಕೇರಿಗೊಂದು ಗುಂಪಾಗಿ ಕೂತೆವು. ಒಬ್ಬರ ಡಬ್ಬಿ ಇನ್ನೊಬ್ಬರು ಮುಟ್ಟಲಿಲ್ಲ. ಆರು ತಿಂಗಳಾಗುವ ಹೊತ್ತಿಗೆ ಯಾರ ರೊಟ್ಟಿಗೆ ಯಾರ ಚಟ್ನಿ ಎಂಬುದೇ ತಿಳಿಯದಂತಾಯಿತು. ಆ ಬೆಂಚಿನ ಮೇಲೆಯೇ ನಮ್ಮ ಸಂಘ ಹುಟ್ಟಿತು. ಒಬ್ಬೊಬ್ಬನೇ ಮೂಲೆಯಲ್ಲಿ ಡಬ್ಬಿ ಬಿಚ್ಚಿದ್ದರೆ ಹುಟ್ಟುತ್ತಿರಲಿಲ್ಲ.

ಆದರೆ ಆ ಬೆಂಚಿನಲ್ಲಿ ಒಬ್ಬರಿಗೆ ಇನ್ನೂ ಜಾಗ ಸಿಕ್ಕಿಲ್ಲ. ಅಡಿಗೆ ಮಾಡಿ ಬಡಿಸುವವರಿಗೆ! ರೈಲ್ವೆಯ ಶಾಸನಬದ್ಧ ಕ್ಯಾಂಟೀನುಗಳ ನೌಕರರು ರೈಲ್ವೆಯ ನೌಕರರೇ ಎಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ಕೊಟ್ಟಿತು. ಇನ್ನು ಹೊಸ ಸಂಹಿತೆಯನ್ನು ನೋಡಿ. ಕಾರ್ಖಾನೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚಬಾರದು ಎನ್ನುತ್ತದೆ, ಆದರೆ ಕ್ಯಾಂಟೀನನ್ನು ಮುಖ್ಯ ಕೆಲಸದ ಪಟ್ಟಿಯಿಂದ ಹೊರಗಿಡುತ್ತದೆ. ಹೀಗಾಗಿ ಕ್ಯಾಂಟೀನು ಕಾಯಂ, ಅಲ್ಲಿ ಬೆಂಕಿಯ ಮುಂದೆ ನಿಲ್ಲುವ ಹೆಂಗಸು ತಾತ್ಕಾಲಿಕ. ಗುತ್ತಿಗೆದಾರ ಬದಲಾದರೆ ಅವಳ ಕೆಲಸವೂ ಹೋಯಿತು. ನಾವು ಸಾರು ತೆಳುವಾಗಿದೆ ಎಂದು ಅವಳ ಮೇಲೆ ರೇಗುತ್ತೇವೆ. ಬೇಳೆಯ ಲೆಕ್ಕ ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ. ಕಡಿಮೆ ದರಕ್ಕೆ ಗುತ್ತಿಗೆ ಹಿಡಿದವನು ಲಾಭವನ್ನು ಬೇಳೆಯಲ್ಲಿ ಮಿಗಿಸುತ್ತಾನೆ, ಇಲ್ಲವೆ ಅವಳ ಕೂಲಿಯಲ್ಲಿ ಮಿಗಿಸುತ್ತಾನೆ. ನಮ್ಮ ತಟ್ಟೆಯೂ ಅವಳ ಕೂಲಿಯೂ ಒಂದೇ ತಕ್ಕಡಿಯಲ್ಲಿವೆ ಎಂಬುದನ್ನು ತಿಳಿಯಬೇಕು.

ಈಗ ವ್ಯಾಪಾರಿ ಮಿತ್ರರ ಕಡೆ ತಿರುಗುತ್ತೇನೆ. ನಿಮ್ಮ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ: "ಗಿರಣಿಯೊಳಗೆ ಕ್ಯಾಂಟೀನು ಬಂತು, ಊರೊಳಗೆ ಸರ್ಕಾರದ ಕ್ಯಾಂಟೀನು ಬಂತು, ಗೇಟಿನ ಹೊರಗೆ ಮಂಡಕ್ಕಿ-ಮೆಣಸಿನಕಾಯಿ ಮಾರುವ ನಾನು ಏನು ಮಾಡಲಿ?" ನ್ಯಾಯವಾದ ಪ್ರಶ್ನೆ. 2013ರಲ್ಲಿ ಚೆನ್ನೈಯಲ್ಲಿ ಅಮ್ಮ ಉಣವಗಂ ಶುರುವಾದಾಗ ಒಂದು ಇಡ್ಲಿಗೆ ಒಂದು ರೂಪಾಯಿ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಈ ದರದ ಜೊತೆ ಕೈಗಾಡಿಯವನು ಪೈಪೋಟಿ ನಡೆಸಲಾರ. ಹಾಗೆಂದು ಹಮಾಲಿ ಮಾಡುವವನಿಗೆ, ಕಟ್ಟಡದ ಕೂಲಿಯವನಿಗೆ ಆ ಹತ್ತು ರೂಪಾಯಿಯ ಊಟ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ, ಮೂರಾಣೆಯಲ್ಲ, ಹದಿನೈದಾಣೆ ಎಂದು ಸರ್ಕಾರ ವಾದಿಸಿತು. ಲೆಕ್ಕದ ಜಗಳ ಏನೇ ಇರಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನನ್ನು ನಾವು ತಡೆಯಬಾರದು.

ಹಾಗಾದರೆ ದಾರಿ ಯಾವುದು? ದಾರಿ ತೋರಿಸಿದವರು ಇದ್ದಾರೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಲು ಹೊರಟಿತು. ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಆ ನೌಕರರೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸುಗಳನ್ನು ನಡೆಸಲು ಮುಂದೆ ಬಂದರು. ಅಂಥ ಮೊದಲನೆಯ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1957ರ ಆಗಸ್ಟ್ 19ರಂದು. ಬಡಿಸುವವನೇ ಒಡೆಯನೂ ಆದ. ಮುಂಬಯಿಯ ಗಿರಣಗಾಂವಿನಲ್ಲಿ ಒಂಟಿಯಾಗಿದ್ದ ಗಿರಣಿ ಕೆಲಸಗಾರರಿಗೆ ತಮ್ಮ ಚಿಕ್ಕ ಕೋಣೆಗಳಲ್ಲೇ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿದ್ದರು. ಮುಷ್ಕರದ ದಿನಗಳಲ್ಲಿ ಸಾಲಕ್ಕೆ ಊಟ ಹಾಕಿ, ತಾವು ಬಡ್ಡಿ ಸಾಹುಕಾರನ ಕೈಗೆ ಸಿಕ್ಕಿಬಿದ್ದವರು ಅವರು. 1975ರಲ್ಲಿ ಪ್ರೇಮಾ ಪುರವ್ ಎಂಬ ತಾಯಿ ಅವರನ್ನು ಅನ್ನಪೂರ್ಣಾ ಮಹಿಳಾ ಮಂಡಳ ಎಂದು ಕೂಡಿಸಿ, ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಗಿರಣಿ ಕೆಲಸಗಾರನ ಹೊಟ್ಟೆ ಕಾಯ್ದದ್ದು ಈ ಸಣ್ಣ ವ್ಯಾಪಾರಿಣಿಯರು. ನಿಮ್ಮ ನಮ್ಮ ನಂಟು ಇವತ್ತಿನದಲ್ಲ.

ಆದುದರಿಂದ ವ್ಯಾಪಾರಿ ಮಿತ್ರರೆ, ಕ್ಯಾಂಟೀನು ಬೇಡವೆನ್ನಬೇಡಿ. ಕ್ಯಾಂಟೀನಿನ ಗುತ್ತಿಗೆ ದೂರದ ದೊಡ್ಡ ಕಂಪನಿಗೆ ಏಕೆ, ಈ ಊರಿನ ಅಡಿಗೆಯವರ ಸಹಕಾರ ಸಂಘಕ್ಕೆ ಏಕಲ್ಲ ಎಂದು ಕೇಳಿ. ಹತ್ತು ಕೈಗಾಡಿಯವರು ಕೂಡಿದರೆ ಒಂದು ಕ್ಯಾಂಟೀನು ನಡೆಸುವ ಕೈಗುಣ ನಿಮ್ಮಲ್ಲಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ನಿಮ್ಮಿಂದಲೇ ಆರಿಸಿ ಬಂದ ಪ್ರತಿನಿಧಿಗಳಿಗೆ ಮೀಸಲು. ಆ ಕುರ್ಚಿಗಳನ್ನು ಖಾಲಿ ಬಿಡಬೇಡಿ.

ಕಾರ್ಮಿಕ ಬಂಧುಗಳಿಗೆ ನಾನು ಹೇಳುವ ಕೆಲಸ ನಾಲ್ಕು. ನಾಳೆ ಕೆಲಸಕ್ಕೆ ಹೋದಾಗ ನೀರಿನ ತೊಟ್ಟಿಯಿಂದ ಪಾಯಖಾನೆಗೆ ಎಷ್ಟು ಹೆಜ್ಜೆ ಎಂದು ಅಳೆದು ಬರೆದುಕೊಳ್ಳಿ. ಗುತ್ತಿಗೆಯವರನ್ನು ಸೇರಿಸಿ ತಲೆ ಎಣಿಸಿ, ನೂರು ದಾಟಿದರೆ ಕ್ಯಾಂಟೀನು ಕೇಳಿ. ಕ್ಯಾಂಟೀನು ಇದ್ದಲ್ಲಿ ಅದರ ಸಮಿತಿಯಲ್ಲಿ ನಮ್ಮವರು ಯಾರು, ಅವರನ್ನು ಆರಿಸಿದವರು ಯಾರು ಎಂದು ವಿಚಾರಿಸಿ, ಬೇಳೆ ಎಣ್ಣೆಯ ಲೆಕ್ಕವನ್ನು ಗೋಡೆಗೆ ಹಚ್ಚಿಸಿ. ಅಡಿಗೆಯವಳ ಹೆಸರನ್ನು ನಿಮ್ಮ ಸಂಘದ ಪುಸ್ತಕದಲ್ಲಿ ಬರೆಯಿರಿ. ಇವುಗಳಲ್ಲಿ ಒಂದಕ್ಕೂ ದೊಡ್ಡ ಮುಷ್ಕರ ಬೇಕಿಲ್ಲ. ಒಂದು ಕಾಗದ, ಒಂದು ಪೆನ್ಸಿಲು, ಕೇಳುವ ಧೈರ್ಯ, ಇಷ್ಟು ಸಾಕು.

ಮೊದಲು ಹೇಳಿದ ಅಣ್ಣನ ಮಾತು ಹೇಳಿ ಮುಗಿಸುತ್ತೇನೆ. ಅವನು ಬಿದ್ದ ಮೂರು ವರ್ಷದ ಮೇಲೆ, ನಾವು ನೂರಾರು ಜನ ಸಹಿ ಮಾಡಿ ಅರ್ಜಿ ಕೊಟ್ಟ ಮೇಲೆ, ತೊಟ್ಟಿ ಆ ಗೋಡೆಯಿಂದ ಕದಲಿತು. ಬೇವಿನ ಮರದ ಕೆಳಗೆ ಹೊಸ ತೊಟ್ಟಿ ಕಟ್ಟಿದರು, ಆರು ನಲ್ಲಿ ಹಾಕಿದರು. ಮೊದಲ ದಿನ ಅವನು ನೀರು ಕುಡಿದು, ಮುಖ ಒರೆಸಿಕೊಂಡು, ಮನೆಯಿಂದ ತಂದಿದ್ದ ದೊಡ್ಡ ಬಾಟಲಿಯನ್ನು ಬೇವಿನ ಬುಡಕ್ಕೆ ಬಗ್ಗಿಸಿದ. "ನಾಳೆಯಿಂದ ಇದನ್ನು ಹೊರುವುದಿಲ್ಲ" ಎಂದ. ಅಷ್ಟೇ ಹೇಳಿದ.

ನಿಮಗೆಲ್ಲರಿಗೂ ಆ ದಿನ ಬರಲಿ ಎಂದು ಹಾರೈಸುತ್ತೇನೆ.